ಗಂಟೆ ಕದ್ದವನ ಕೈಗೆ ಶಿಲುಬೆ

ತಾಯಿ ತೀರಿಕೊಂಡ ಮರುದಿನ ಬೆಳಿಗ್ಗೆ ಮನೆಯ ಮುಂಗೋಣೆಯಲ್ಲಿ ಜಗಳವೆದ್ದದ್ದು ಆಸ್ತಿಗಾಗಿ ಅಲ್ಲ, ಶವಪೆಟ್ಟಿಗೆಯ ಮುಂದೆ ಶಿಲುಬೆ ಹೊರುವವರು ಯಾರು ಎಂಬುದಕ್ಕಾಗಿ. ಆಸ್ತಿಯ ಜಗಳವಾಗಿದ್ದರೆ ಇಷ್ಟು ಹೊತ್ತಿಗೆ ಮುಗಿದುಹೋಗುತ್ತಿತ್ತು. ಆಕೆ ಬಿಟ್ಟುಹೋದದ್ದು ಒಂದು ಹೊಲಿಗೆ ಯಂತ್ರ ಮತ್ತು ಒಬ್ಬ ಮಗ.

ಅವರ ಕ್ರೈಸ್ತ ಸಭೆಯ ರೂಢಿಯಂತೆ, ಸತ್ತವರ ಹಿರಿಯ ಮಗ ಚರ್ಚಿನ ಮರದ ಶಿಲುಬೆ ಹಿಡಿದು ಪೆಟ್ಟಿಗೆಯ ಮುಂದೆ ನಡೆಯಬೇಕು. ಇಲ್ಲಿ ಹಿರಿಯ ಮಗ, ಕಿರಿಯ ಮಗ ಎರಡೂ ಅವನೊಬ್ಬನೇ. ಆದರೆ ಅವನು ಅದೇ ಚರ್ಚಿನ ಗಂಟೆ ಕದ್ದು ಜೈಲು ಕಂಡು ಬಂದವನು.

ಗಂಟೆ ಕದಿಯುವುದು ಜೇಬು ಕತ್ತರಿಸಿದಷ್ಟು ಸಲೀಸಲ್ಲ. ಗೋಪುರ ಹತ್ತಬೇಕು, ಹಗ್ಗ ಬಿಗಿಯಬೇಕು, ಎಲ್ಲಕ್ಕಿಂತ ಮಿಗಿಲಾಗಿ ಅದು ಬಾಯಿ ಬಿಡದಂತೆ ನೋಡಿಕೊಳ್ಳಬೇಕು. ಅವನೂ ಅವನ ಗೆಳೆಯರೂ ಅದರ ನಾಲಿಗೆಗೆ ಹಳೇ ಕಂಬಳಿ ಸುತ್ತಿ ಇಳಿಸಿ, ಗುಜರಿಯವನಿಗೆ ಮಾರಿ, ಬಂದದ್ದನ್ನು ಕುಡಿದು ಮುಗಿಸಿದ್ದರು. ಊರು ಕ್ಷಮಿಸಲಿಲ್ಲ, ಅಡ್ಡಹೆಸರು ಕೊಟ್ಟಿತು. ಈಗ ಪಂಕ್ಚರ್ ಅಂಗಡಿಯಲ್ಲಿ ಕೆಲಸ ಮಾಡುವ ಅವನನ್ನು ಎಲ್ಲರೂ ಕರೆಯುವುದು ಗಂಟೆ ಎಂದೇ. ಕರೆದರೆ ಅವನೂ ಓಗೊಡುತ್ತಾನೆ.

ತಾಯಿ ಮಾತ್ರ ಹಾಗೆ ಕರೆದವಳಲ್ಲ. ಜೈಲಿನ ಭೇಟಿಗೆ ಬಂದಾಗಲೆಲ್ಲ ಕಂಬಿಯ ಆಚೆಯಿಂದ, “ನಾನು ಹೋಗೋವಾಗ ಮುಂದೆ ನೀನೇ ನಡೀಬೇಕು ಮಗಾ” ಎನ್ನುತ್ತಿದ್ದಳು. ಅವನು ಹೂಂ ಎಂದಿದ್ದ. ಅವನ ಬಾಳಿನಲ್ಲಿ ಕೊಟ್ಟು ಉಳಿಸಿಕೊಳ್ಳಬಹುದಾದ ಮಾತು ಅದೊಂದೇ ಉಳಿದಿತ್ತು.

ಪೆಟ್ಟಿಗೆ ಪಕ್ಕದ ಕೋಣೆಯಲ್ಲೇ ಇದ್ದುದರಿಂದ ಎಲ್ಲರೂ ದನಿ ತಗ್ಗಿಸಿ ಜಗಳವಾಡಬೇಕಿತ್ತು. ಅದು ಕೂಗಾಡುವುದಕ್ಕಿಂತ ಸುಸ್ತಿನ ಕೆಲಸ.

“ನಿಮ್ಮ ದುಃಖ ನಮಗೆ ಅರ್ಥ ಆಗುತ್ತೆ ಸಿಸ್ಟರ್,” ಎಂದರು ಸಭೆಯ ಹಿರಿಯರಾದ ಕನ್ನಡಕದಂಗಡಿಯವರು. “ಆದ್ರೆ ಶಿಲುಬೆಗೆ ಅಂತ ಒಂದು ಮರ್ಯಾದೆ ಇದೆ. ಇವನ ದೊಡ್ಡಪ್ಪನ ಮಗ ಸಿದ್ಧವಾಗೇ ಬಂದಿದಾನೆ. ಇವನ ಅಪ್ಪನ ಸಾವಲ್ಲೂ ಹೊತ್ತೋನು ಅವನೇ.”

ದೊಡ್ಡಪ್ಪನ ಮಗ ಬಿಳಿ ಕೈಗವಸು ತೊಟ್ಟು ಬಾಗಿಲಲ್ಲಿ ನಿಂತಿದ್ದ. ಸಿದ್ಧತೆಗೆ ಕೊರತೆಯಿರಲಿಲ್ಲ.

ಸಿಸ್ಟರ್ ಎಂದರೆ ತೀರಿಕೊಂಡವಳ ತಂಗಿ, ಗಂಟೆಯ ಚಿಕ್ಕಮ್ಮ. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ನಿವೃತ್ತರಾಗಿದ್ದರೂ ಯಾರನ್ನು ನೋಡಿದರೂ ಮಲಗಿಸಿ ಸೂಜಿ ಚುಚ್ಚುವವರ ಹಾಗೇ ನೋಡುತ್ತಿದ್ದರು.

“ಮರ್ಯಾದೆನಾ?” ಎಂದರು ಚಿಕ್ಕಮ್ಮ. “ಶಿಲುಬೆ ಮರ್ಯಾದಸ್ಥರ ಸಾಮಾನು ಆಗಿದ್ದು ಯಾವಾಗಿಂದ? ಆ ಕಾಲದಲ್ಲಿ ಅದನ್ನ ಹೊರ್ತಾ ಇದ್ದೋರೆಲ್ಲ ಶಿಕ್ಷೆ ಆದೋರೇ ಅಲ್ವಾ? ಆವತ್ತು ಗುಡ್ಡದ ಮೇಲೆ ಮೂರು ಶಿಲುಬೆ. ಅದ್ರಲ್ಲಿ ಎರಡು ಕಳ್ಳರದ್ದು. ಮೆಜಾರಿಟಿ ನಮ್ಮ ಹುಡುಗನ ಕಡೆಗೇ ಇದೆ.”

“ಮಧ್ಯದವನು ಕಳ್ಳ ಅಲ್ಲವಲ್ಲ,” ಎಂದರು ಹಿರಿಯರು.

“ಅಲ್ಲ. ಆದ್ರೂ ಕಳ್ಳರ ಮಧ್ಯಾನೇ ಸತ್ತ. ಕಮಿಟಿಯವರ ಮಧ್ಯ ಅಲ್ಲ.”

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಚರ್ಚಿನ ಪಾದ್ರಿಗಳು ಕೆಮ್ಮಿದರು. ನಗು ಬಂದಾಗ ಕೆಮ್ಮುವುದು ಅವರ ಅಭ್ಯಾಸ.

“ಅವನನ್ನೇ ಕೇಳಿಬಿಡೋಣ,” ಎಂದು ಕನ್ನಡಕದಂಗಡಿಯವರು ಗಂಟೆಯ ಕಡೆ ತಿರುಗಿದರು. “ನೀನೇ ಹೇಳಪ್ಪ. ಆ ಶಿಲುಬೆ ಹಿಡಿಯೋ ಯೋಗ್ಯತೆ ನಿನಗಿದೆಯಾ?”

ಗಂಟೆ ತನ್ನ ಕೈಗಳನ್ನೇ ನೋಡಿಕೊಂಡ. ಎಷ್ಟು ಸೋಪು ತಿಕ್ಕಿದರೂ ಉಗುರಂಚಿನ ಟೈರಿನ ಕಪ್ಪು ಹೋಗಿರಲಿಲ್ಲ.

“ಇಲ್ಲ,” ಎಂದ. “ಅದಕ್ಕೇ ಕೇಳ್ತಾ ಇದೀನಿ.”

ಪಾದ್ರಿಗಳು ಎದ್ದು, ಗೋಡೆಗೊರಗಿಸಿದ್ದ ಶಿಲುಬೆಯನ್ನು ಕೈಗೆತ್ತಿಕೊಂಡರು. “ಇದೆ ಅಂದಿದ್ರೆ ನಾನೇ ಬೇಡ ಅಂತಿದ್ದೆ. ಶಿಲುಬೆ ಅಂದ್ರೆ ಒಳ್ಳೆ ನಡತೆಗೆ ಕೊಡೋ ಬಹುಮಾನ ಅಲ್ಲ ಹಿರಿಯರೇ. ಹಾಗಿದ್ದಿದ್ರೆ ನಮ್ಮಲ್ಲಿ ಯಾರಿಗೂ ಸಿಗ್ತಿರ್ಲಿಲ್ಲ. ಯೋಗ್ಯತೆ ಇಲ್ಲದೋರಿಗೆ ಅಂತಾನೇ ಆ ಮಧ್ಯದವನು ಅದನ್ನ ಹೊತ್ತ. ತಗೋ ಮಗಾ.”

ದೊಡ್ಡಪ್ಪನ ಮಗ ಕೈಗವಸು ಕಳಚಿ ಜೇಬಿಗೆ ತುರುಕಿಕೊಂಡು, ಮುಖ ಊದಿಸಿಕೊಂಡು ಮೆರವಣಿಗೆಯ ಕೊನೆಗೆ ಹೋಗಿ ನಿಂತ. ಹಾಗೆ ಹೋದದ್ದರಿಂದ ಒಂದು ಎಡವಟ್ಟಾಯಿತು: ಶಿಲುಬೆ ಹಿಡಿಯುವ ಕ್ರಮವನ್ನು ಗಂಟೆಗೆ ಹೇಳಿಕೊಡುವವರು ಮುಂದೆ ಅವನ ಪಕ್ಕದಲ್ಲಿ ಯಾರೂ ಉಳಿಯಲಿಲ್ಲ.

ಆ ಚರ್ಚಿನಲ್ಲಿ ಕ್ರಮಗಳು ಎರಡು. ಸಾವಿನ ದಿನ ಶಿಲುಬೆಯನ್ನು ಹೆಗಲಿಗೆ ಒರಗಿಸಿಕೊಳ್ಳಬೇಕು. ಪುನರುತ್ಥಾನದ ಭಾನುವಾರ, ಅಂದರೆ ಈಸ್ಟರ್ ದಿನ, ಎರಡೂ ಕೈಗಳಿಂದ ತಲೆಗಿಂತ ಮೇಲಕ್ಕೆ ಎತ್ತಿ ಹಿಡಿಯಬೇಕು. ಅಪ್ಪ ಸತ್ತಾಗ ಗಂಟೆ ಜೈಲಿನಲ್ಲಿದ್ದ. ಬಾಲ್ಯದಲ್ಲಿ ಅಮ್ಮನ ಸೊಂಟದ ಮೇಲೆ ಕೂತು ನೋಡಿದ್ದು ಎರಡನೆಯದನ್ನಷ್ಟೇ. ಅವನು ಬೀದಿಗಿಳಿದು, ಉಸಿರು ಬಿಗಿಹಿಡಿದು, ಶಿಲುಬೆಯನ್ನು ಆಕಾಶಕ್ಕೆತ್ತಿದ.

ಗಾಯನ ತಂಡದ ಮುಂದಾಳು ಕನ್ನಡಕದಂಗಡಿಯವರ ಹೆಂಡತಿ. ಊರಿಗೆಲ್ಲ ಕನ್ನಡಕ ಹಾಕಿಸಿದ ಗಂಡನಿಂದ ಆಕೆಯೊಬ್ಬರಿಗೆ ಹಾಕಿಸಲು ಆಗಿರಲಿಲ್ಲ. ದೂರದ ಮುಖಗಳು ಕಾಣದಿದ್ದರೂ ಶಿಲುಬೆ ಎಷ್ಟು ಎತ್ತರದಲ್ಲಿದೆ ಎಂಬುದು ಆಕೆಗೆ ತಿಳಿಯುತ್ತಿತ್ತು. ಹಾಡು ಎತ್ತಿಕೊಳ್ಳುತ್ತಿದ್ದದ್ದು ಅದನ್ನು ನೋಡಿಯೇ. ಶಿಲುಬೆ ಮೇಲಿತ್ತು. ಆಕೆ ತುಂಬುಗಂಟಲಿನಿಂದ ಪುನರುತ್ಥಾನದ ಹಾಡು ಎತ್ತಿದರು. ಸಾವು ಸೋತಿತು, ಸಮಾಧಿ ಬರಿದಾಯಿತು ಎಂಬ ಹಾಡು. ವರ್ಷಗಳಿಂದ ಆಕೆಯ ಹಿಂದೆ ಹಾಡಿ ಪಳಗಿದ್ದ ತಂಡ ಯೋಚಿಸದೆ ದನಿಗೂಡಿಸಿತು. ತಪ್ಪು ಗೊತ್ತಾಗುವಷ್ಟರಲ್ಲಿ ಎರಡನೇ ಸಾಲು ಬಂದಿತ್ತು. ಅಷ್ಟು ಜನ ಒಟ್ಟಿಗೆ ಎತ್ತಿಕೊಂಡ ಹಾಡನ್ನು ನಡುವೆ ನಿಲ್ಲಿಸುವುದು ಇಳಿಜಾರಿನಲ್ಲಿ ಲಾರಿ ನಿಲ್ಲಿಸಿದ ಹಾಗೆ.

ಕನ್ನಡಕದಂಗಡಿಯವರು ಮುಂದಕ್ಕೆ ಓಡಿದರು. “ಹೆಗಲಿಗೆ! ಹೆಗಲಿಗೆ ಇಳಿಸ್ಕೊಳ್ಳಯ್ಯಾ!”

ಚಿಕ್ಕಮ್ಮ ಹಿರಿಯರ ತೋಳು ಹಿಡಿದರು. ರೋಗಿಗಳು ಮಂಚದಿಂದ ಏಳದಂತೆ ಹಿಡಿಯುವ ಹಿಡಿತ ಅದು. “ಬಿಡಿ ಹಿರಿಯರೇ. ನನ್ನಕ್ಕ ಅಷ್ಟೂ ವರ್ಷ ನಂಬಿದ್ದು ಈ ಹಾಡನ್ನೇ ತಾನೆ? ಇವತ್ತಲ್ಲದೆ ಇನ್ಯಾವತ್ತು ಹಾಡ್ತೀರಿ?”

ಹಿರಿಯರು ತೋಳು ಬಿಡಿಸಿಕೊಂಡು ಪೆಟ್ಟಿಗೆಯ ಹಿಂದಕ್ಕೆ ಸರಿದರು. ಬೀದಿಯ ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಹೊರಬಂದ. ಗಿರಾಕಿಯೂ ನೊರೆಗೆನ್ನೆಯಲ್ಲೇ ಬಂದು ನಿಂತ. ಹಾಡು ಗೋಡೆಯಿಂದ ಗೋಡೆಗೆ ಬಡಿದು ಮೇಲೇರಿತು. ಸಾವಿನ ಮೆರವಣಿಗೆಗೆ ಕಿಟಕಿ ಮುಚ್ಚುವ ಜನ ಕಿಟಕಿ ತೆರೆದರು.

ಸ್ಮಶಾನದ ಏರು ಶುರುವಾಯಿತು. ಮರ ಭಾರದ್ದು, ಗಂಟೆಯ ತೋಳುಗಳು ನಡುಗತೊಡಗಿದವು. ಕನ್ನಡಕದಂಗಡಿಯವರು ಅವನ ಪಕ್ಕಕ್ಕೆ ಬಂದರು. ಈ ಸಲ ಕೂಗಲಿಲ್ಲ.

“ಕೈ ನಡುಗ್ತಾ ಇದೆ. ಸ್ವಲ್ಪ ಇಳಿಸ್ಕೊ. ಯಾರೂ ಏನೂ ಅಂದ್ಕೊಳ್ಳಲ್ಲ.”

“ಇಳಿಸಿದ್ರೆ ಹಾಡು ನಿಲ್ಲುತ್ತೇನೋ, ಹಿರಿಯರೇ.”

ಅವರು ಅವನ ಮುಖ ನೋಡಿದರು. ಅದು ಒದ್ದೆಯಾಗಿತ್ತು, ಆದರೆ ತಗ್ಗಿರಲಿಲ್ಲ. ಗೇಟಿನ ಹತ್ತಿರ ಹಾಡಿನ ಕೊನೆಯ ಚರಣ ಮುಗಿಯಿತು. ಹೆಂಡತಿ ಅಳುಕಿನಿಂದ ಗಂಡನ ಕಡೆ ಕಣ್ಣು ಕಿರಿದು ಮಾಡಿ ನೋಡಿದರು, ಶೋಕದ ಹಾಡು ಹಿಡಿಯಲೇ ಎಂಬಂತೆ.

“ಏನು ನೋಡ್ತೀಯೆ?” ಎಂದರು ಕನ್ನಡಕದಂಗಡಿಯವರು. “ಶಿಲುಬೆ ಮೇಲೇ ಇದೆ. ಮೊದಲಿಂದ ಹಿಡಿ.”

ಆಮೇಲೆ ತಾವೇ, ಆಕೆಗಿಂತ ಮುಂಚೆ, ಶ್ರುತಿ ಸೇರದ ದಪ್ಪ ದನಿಯಲ್ಲಿ ಎತ್ತಿಕೊಂಡರು. ಗಂಟೆ ತೋಳು ಚಾಚಿ ಶಿಲುಬೆಯನ್ನು ಇನ್ನಷ್ಟು ಮೇಲಕ್ಕೆತ್ತಿ, ಅಮ್ಮನಿಗಿಂತ ಮುಂದೆ, ಗೇಟು ದಾಟಿದ.