ಬಿಳಿ ಪಟ್ಟೆಯ ಮೇಲೆ ಕರಿ ಕಂಬಳಿ

“ಅಣ್ಣನ್ನ ಲಾರಿ ಬಾಯಿಗೆ ಕೊಟ್ಟು ಕುರಿ ಬಾಲ ಹಿಡ್ಕಂಡು ನಿಂತಿದ್ದ ಗಂಡ್ಸು ಬಂದವ್ನೆ, ಜಾಗ ಬಿಡ್ರಪ್ಪ,” ಅಂದ ದಾಸಣ್ಣ.

ಹಿರಿಯೂರು ಬಸ್‌ಸ್ಟ್ಯಾಂಡಿನ ಎದುರು ಟೀ ಅಂಗಡಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ಜಾಗ ಮಾತ್ರ ಯಾರೂ ಬಿಡಲಿಲ್ಲ. ಚಿಕ್ಕತಿಮ್ಮಪ್ಪ ನಿಂತುಕೊಂಡೇ ಟೀ ಕುಡಿದ. ಬೈದವನು ಹೊರಗಿನವನಲ್ಲ, ಅತ್ತಿಗೆ ರಂಗಕ್ಕನ ತಮ್ಮ.

ಚಿಕ್ಕತಿಮ್ಮಪ್ಪ ಕುರಿ ಕಾಯೋನು. ಅವನೂ ಅಣ್ಣ ದೊಡ್ಡತಿಮ್ಮಪ್ಪನೂ ಹೊಳೆದಂಡೆಯಲ್ಲಿ ಹಿಂಡು ಮೇಯಿಸಿ, ಹೊತ್ತು ಮುಳುಗೋ ವೇಳೆಗೆ ಹೆದ್ದಾರಿ ದಾಟಿ ಮನೆಗೆ ಬರುತ್ತಿದ್ದರು. ಅಣ್ಣ ರಸ್ತೆ ನಡುವೆ ನಿಂತು ಕೈ ಎತ್ತಿ ಲಾರಿ ತಡೆಯೋನು. ತಮ್ಮ ಹಿಂದಿನಿಂದ ಕುರಿ ಅಟ್ಟೋನು. ಹೋದ ಮಳೆಗಾಲದ ಒಂದು ಸಂಜೆ ಸೋನೆ ಹಿಡಿದಿತ್ತು. ಅಣ್ಣ ತಲೆ ಮೇಲೆ ಕರಿ ಕಂಬಳಿ ಕೊಪ್ಪೆ ಹಾಕಿಕೊಂಡು, ಜನ ದಾಟಲಿ ಅಂತ ಬಳಿದಿದ್ದ ಬಿಳಿ ಪಟ್ಟೆಯ ಮೇಲೇ ನಿಂತಿದ್ದ. ಲಾರಿ ನಿಲ್ಲಲಿಲ್ಲ.

ಅವತ್ತಿನಿಂದ ರಂಗಕ್ಕ ಮೈದುನನ ಜೊತೆ ಮಾತು ಬಿಟ್ಟಳು. ಮುದ್ದೆ ಇಟ್ಟು ಒಳಗೆ ಹೋಗಿಬಿಡೋಳು. ಹಿಂಡು ದಾಟಿಸೋಕೆ ಇಬ್ಬರು ಬೇಕು, ಇವನ ಜೊತೆಗೆ ಒಬ್ಬರೂ ಬರುತ್ತಿರಲಿಲ್ಲ. ಸಂಜೆ ರಸ್ತೆ ಖಾಲಿಯಾಗೋ ತನಕ ಅಂಚಿನಲ್ಲಿ ಒಬ್ಬನೇ ನಿಂತಿರೋನು. ಹಿಂಡು ಮಾರಿಬಿಡು ಅಂತ ಅತ್ತಿಗೆ ತನ್ನ ತಮ್ಮ ದಾಸಣ್ಣನ ಕೈಲಿ ಹೇಳಿಸಿದ್ದಳು. ಕುರಿಯೂ ಹೋದರೆ ಅವನು ಮಾತಾಡಿಸೋ ಜೀವವೇ ಇರಲಿಲ್ಲ.

“ದಾಸಣ್ಣ, ಸ್ವಲ್ಪ ಬಾಯಿ ಮುಚ್ಚು,” ಅಂದರು ಮೂಲೆಯಲ್ಲಿದ್ದ ಶಿವಕುಮಾರಪ್ಪ. ಅದೇ ಬೀದಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. “ಅವತ್ತು ಪೊಲೀಸ್ನೋರು ಫೋಟೋ ತೆಗೆಯೋಕೆ ನನ್ನೇ ಕರೆದಿದ್ರು. ಹತ್ರ ಹೋಗೋ ತನಕ ಆ ಕರಿ ಕಂಬಳಿಯೊಳಗೆ ದೊಡ್ಡತಿಮ್ಮಪ್ಪ ಎಲ್ಲವ್ನೆ ಅಂತಲೇ ನನಗೆ ಕಾಣಲಿಲ್ಲ.”

“ಲಾರಿ ದೀಪ ನಮಗೆ ಕಾಣ್ತದೆ, ನಾವು ಲಾರಿಯೋನಿಗೆ ಕಾಣಲ್ವ? ಒಳ್ಳೆ ಕಥೆ,” ಅಂದ ದಾಸಣ್ಣ.

“ಕಾಣ್ತೀವೋ ಇಲ್ವೋ, ಫೋಟೋ ತೆಗೆದೇ ನೋಡಾಣ.”

ಟೀ ಕುಡಿಯುತ್ತಿದ್ದ ಹೊಳಲ್ಕೆರೆ ಕಡೆಯ ಲಾರಿ ಡ್ರೈವರ್ ಕಾಟಪ್ಪ ಒಪ್ಪಿಕೊಂಡ. ಮಬ್ಬುಗತ್ತಲಾದ ಮೇಲೆ ಲಾರಿಯನ್ನ ಪಟ್ಟೆಯಿಂದ ದೂರ ನಿಲ್ಲಿಸಿ ದೀಪ ಹಾಕಿದ. ಶಿವಕುಮಾರಪ್ಪ ಡ್ರೈವರ್ ಸೀಟಿನಲ್ಲಿ ಕೂತು ಕ್ಯಾಮೆರಾ ಹಿಡಿದರು. ಚಿಕ್ಕತಿಮ್ಮಪ್ಪ ಅಣ್ಣ ನಿಲ್ಲುತ್ತಿದ್ದ ಜಾಗದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತ. ಆಮೇಲೆ ಅದರ ಮೇಲೆ ಬಿಳಿ ಪಂಚೆ ಹೊದೆಸಿ ಇನ್ನೊಂದು ತೆಗೆದರು.

ಮಾರನೇ ದಿನ ಫೋಟೋ ಬಂದವು. ಮೊದಲನೆಯದರಲ್ಲಿ ಪಟ್ಟೆಗಳು ಚೆನ್ನಾಗಿ ಕಂಡವು. ಒಂದು ಕಡೆ ಮಾತ್ರ ಪಟ್ಟೆ ತುಂಡಾಗಿತ್ತು.

“ಅಲ್ಲಿ ಬಣ್ಣ ಉದುರೈತೆ,” ಅಂದ ದಾಸಣ್ಣ.

“ಉದುರಿಲ್ಲಪ್ಪ. ಅಲ್ಲಿ ಇವನು ನಿಂತವ್ನೆ,” ಅಂದರು ಶಿವಕುಮಾರಪ್ಪ.

ಎರಡನೆಯದರಲ್ಲಿ ಅದೇ ಜಾಗದಲ್ಲಿ ಆಳೊಬ್ಬ ಎದ್ದು ಕಾಣುತ್ತಿದ್ದ.

“ಕ್ಯಾಮೆರಾ ಡಬ್ಬಕ್ಕೆ ಕಾಣದಿದ್ರೆ ಕಣ್ಣಿಗೂ ಕಾಣಲ್ವೇನು?” ಅಂದ ದಾಸಣ್ಣ.

“ಡಬ್ಬಕ್ಕಿಂತ ಕಣ್ಣು ಚುರುಕೇ, ಸುಳ್ಳಲ್ಲ. ನೀನೇ ಹತ್ತಿ ಕೂತು ನೋಡು.”

ಆ ಸಂಜೆ ಚಿಕ್ಕತಿಮ್ಮಪ್ಪ ಮತ್ತೆ ಕಂಬಳಿ ಕೊಪ್ಪೆ ಹಾಕಿಕೊಂಡು ಪಟ್ಟೆಯ ಮೇಲೆ ನಿಂತ, ದಾಸಣ್ಣ ಕಾಟಪ್ಪನ ಲಾರಿ ಹತ್ತಿದ. ಎದುರಿಂದ ಒಂದು ಬಸ್ಸು ದೀಪ ಬಿಟ್ಟುಕೊಂಡು ಬಂತು. ಕಣ್ಣು ಕೋರೈಸಿತು. “ನಿಂತವ್ನೋ ಹೋದ್ನೋ ಅವನು?” ಅಂತ ಕೂಗಿದ.

“ಇಲ್ಲೇ ಇದ್ದೀನಿ,” ಅಂತ ಕತ್ತಲೊಳಗಿಂದ ದನಿ ಬಂತು.

ಕಾಟಪ್ಪ ತಲೆ ಕೆರೆದುಕೊಂಡ. “ಪಟ್ಟೆ ಖಾಲಿ ಕಂಡ್ರೆ ನಾನು ಹಾರನ್ ಹೊಡ್ಕಂಡು ನುಗ್ತಿದ್ದೆ ಕಣ್ರಿ. ಇನ್ಮೇಲೆ ಬ್ರೇಕಿನ ಮೇಲೆ ಕಾಲಿಡ್ತೀನಿ.”

ಚಿಕ್ಕತಿಮ್ಮಪ್ಪ ಮನೆಗೆ ತಂದ ಫೋಟೋವನ್ನ ರಂಗಕ್ಕ ಕೈಗೆ ತಗೊಂಡಳು. ತುಂಡಾದ ಪಟ್ಟೆಯ ಮೇಲೆ ಬೆರಳಾಡಿಸಿದಳು.

“ಅವರೂ ಹಿಂಗೇ ನಿಂತಿದ್ರಾ?”

“ಹಿಂಗೇ ಅತ್ತಿಗೆ.”

“ಹಿಂಡು ಮಾರಬ್ಯಾಡ,” ಅಂದಳು. ಗಂಡನ ಪಂಚೆ ಹರಿದು ಮೈದುನನ ಕಂಬಳಿಗೆ ಅಡ್ಡಡ್ಡ ಹೊಲಿದಳು.

ಓದುತ್ತಿರೋ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಲ್ಲೂ ಪಟ್ಟೆ ಬಳಿದು ಕೈ ತೊಳೆದುಕೊಂಡು ಹೋದವರಿದ್ದಾರೆ. ಬಣ್ಣಕ್ಕೆ ಲಾರಿ ತಡೆಯೋ ಶಕ್ತಿ ಇಲ್ಲ. ದೀಪ ನಿಮಗೆ ಕಂಡ ಮಾತ್ರಕ್ಕೆ ನೀವು ಡ್ರೈವರಿಗೆ ಕಾಣ್ತೀರಿ ಅಂತಲ್ಲ. ಕತ್ತಲಲ್ಲಿ ಮೈಮೇಲೆ ಬಿಳಿ ಬಟ್ಟೆ ಇರಲಿ, ಗಾಡಿ ನಿಂತ ಮೇಲೇ ರಸ್ತೆಗೆ ಕಾಲಿಡಿ. ಸ್ಟೀರಿಂಗ್ ಹಿಡಿದವರೇ, ಪಟ್ಟೆ ಖಾಲಿ ಕಂಡರೂ ನಿಧಾನ ಮಾಡಿ, ಎದುರು ಗಾಡಿ ಬಂದರೆ ದೀಪ ತಗ್ಗಿಸಿ. ಊರಲ್ಲಿ ಕ್ಯಾಮೆರಾ ಇದ್ದರೆ ಡ್ರೈವರ್ ಸೀಟಿನಿಂದ ಒಂದು ಫೋಟೋ ತೆಗೆಸಿ ಟೀ ಅಂಗಡಿ ಗೋಡೆಗೆ ಅಂಟಿಸಿ. ಬೀದಿ ದೀಪ ಕೇಳೋಕೆ ಹೋದಾಗ ಅದನ್ನೇ ಸಾಹೇಬರ ಮೇಜಿನ ಮೇಲಿಡಿ. ಸತ್ತವರ ಮನೆಯವರನ್ನ ಬೈಯೋಕಿರೋ ದನಿ ಅಲ್ಲಿ ಎತ್ತಿ.

ಕಂಬಳಿಗೆ ಪಂಚೆ ಹೊಲಿದ ದಿನ ಸಂಜೆ ರಂಗಕ್ಕ ರಸ್ತೆಯ ಅಂಚಿನಲ್ಲಿ ನಿಂತು ಬಿಳಿ ಬಟ್ಟೆ ಬೀಸಿದಳು. ಲಾರಿ ನಿಂತಿತು, ಹಿಂಡು ದಾಟಿತು. ಟೀ ಅಂಗಡಿಯವರೆಲ್ಲ ನೋಡುತ್ತಿದ್ದರು. ದಾಸಣ್ಣ ಎದ್ದು ಬಂದ.

“ಚಿಕ್ಕತಿಮ್ಮ, ಅವತ್ತು ಅಂದದ್ದು ಮನಸ್ಸಿಗೆ ಹಚ್ಕಬೇಡಪ್ಪ. ನಾಳೆಯಿಂದ ನಾನೂ ಬರ್ಲೇನು?”

ಚಿಕ್ಕತಿಮ್ಮಪ್ಪ ಅವನ ಮುಖವನ್ನೊಮ್ಮೆ ನೋಡಿದ. ಕಂಬಳಿ ಸರಿ ಮಾಡಿಕೊಂಡು, ಅವನಿಗೆ ಬೆನ್ನು ಹಾಕಿ, ಕುರಿಗಳ ಹಿಂದೆ ನಡೆದು ಹೋದ.