ಒಂದೂವರೆ ಇಂಚು

"ಹೊಟ್ಟೆ ಒಳಗೆಳ್ಕೋಬೇಡ, ಉಸಿರು ಬಿಡು. ಟೇಪಿಗೆ ಮೋಸ ಮಾಡಕ್ಕಾಗಲ್ಲ ಕಣೇ."

ಹನ್ನೊಂದು ವರ್ಷದ ಹುಡುಗಿ ಉಸಿರು ಬಿಟ್ಟಳು. ಟೈಲರಕ್ಕ ಅವಳ ಸೊಂಟಕ್ಕೆ ಸುತ್ತಿದ್ದ ಟೇಪಿನ ಮೇಲೆ ಹೆಬ್ಬೆರಳಿಟ್ಟು ಓದಿದಳು. "ಇಪ್ಪತ್ತೆರಡೂವರೆ."

"ಇಪ್ಪತ್ತೊಂದು ಬರ್ಕೋ," ಎಂದರು ಬಾಗಿಲಲ್ಲಿ ನಿಂತಿದ್ದ ಮೇಡಂ, ಮೊಬೈಲಿನಿಂದ ತಲೆ ಎತ್ತದೆ.

ಟೈಲರಕ್ಕ ಇಪ್ಪತ್ತೊಂದು ಎಂದೇ ಬರೆದುಕೊಂಡಳು. ಆ ರಿದಮಿಕ್ ಜಿಮ್ನಾಸ್ಟಿಕ್ಸ್ ಶಾಲೆಯ ಪದ್ಧತಿಯೇ ಅದು. ಸ್ಪರ್ಧೆಗೆ ಒಂದು ತಿಂಗಳಿರುವಾಗ ಹುಡುಗಿಯರ ಮೈಗಂಟುವ ಲಿಯೋಟಾರ್ಡಿಗೆ ಅಳತೆ ತೆಗೆಯುತ್ತಾರೆ. ಹೊಲಿಯುವುದು ಮಾತ್ರ ಒಂದೂವರೆ ಇಂಚು ಕಡಿಮೆಗೆ. ಆ ಒಂದು ತಿಂಗಳಲ್ಲಿ ಹುಡುಗಿ ತನ್ನ ಬಟ್ಟೆಯಷ್ಟಾಗಬೇಕು. 'ಮೈಗೆ ತಕ್ಕ ಬಟ್ಟೆಯನ್ನು ದರ್ಜಿ ಹೊಲಿಯುತ್ತಾನೆ, ಬಟ್ಟೆಗೆ ತಕ್ಕ ಮೈಯನ್ನು ಕೋಚ್ ಹೊಲಿಯುತ್ತಾಳೆ.' ಮೇಡಂ ಬರೆದ ಪುಸ್ತಕದ ಮೊದಲ ವಾಕ್ಯ ಇದು. ಓದದವರಿಗೆ ಅನ್ಯಾಯವಾಗಬಾರದೆಂದು ಗೋಡೆಯ ಮೇಲೂ ಬರೆಸಿದ್ದರು. ಹುಡುಗಿಯರು ಬೆನ್ನ ಹಿಂದೆ ಅವರನ್ನು ಕರೆಯುತ್ತಿದ್ದುದೇ ಒಂದೂವರೆ ಎಂದು. "ಲೇ, ಒಂದೂವರೆ ಬಂದ್ಲು, ನೆಟ್ಟಗೆ ನಿಂತ್ಕೊಳ್ರೇ!"

ಮೇಡಂ ಅವರ ಜೀವನಚರಿತ್ರೆ ಅಲ್ಲಿ ಎಲ್ಲರಿಗೂ ಬಾಯಿಪಾಠ, ಬಾಯಿಪಾಠ ಮಾಡಿಸಿದವರು ಅವರೇ. ಹದಿನೇಳನೆಯ ವಯಸ್ಸಿನಲ್ಲಿ ದೊಡ್ಡದೊಂದು ಸ್ಪರ್ಧೆಯಲ್ಲಿ ಅವರ ರಿಬ್ಬನ್ ಗಂಟು ಬಿದ್ದು, ಒಂಬತ್ತನೆಯ ಸ್ಥಾನಕ್ಕಿಳಿದರು. ರಿಬ್ಬನ್ ಗಂಟು ಬೀಳದಂತೆ ಬೀಸುವುದನ್ನು ಕಲಿಯುವ ಬದಲು, ತನಗಿಂತ ಮುಂದಿದ್ದ ಎಂಟೂ ಜನ ತನಗಿಂತ ತೆಳ್ಳಗಿದ್ದರೆಂದು ಕಂಡುಹಿಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಬರೆಯ ಮೇಲೆಯೇ ಇಪ್ಪತ್ತಾರು ವರ್ಷದ ವೃತ್ತಿ ಎದ್ದು ನಿಂತಿತು. ಬಾಡಿಗೆ ಗೋದಾಮಿನಲ್ಲಿ ಆರು ಹುಡುಗಿಯರಿಂದ ಶುರುವಾದದ್ದಕ್ಕೆ ಈಗ ಹದಿಮೂರು ಮೀಟರ್ ಚೌಕದ ಎರಡು ಕಾರ್ಪೆಟ್ಟು, ಗೋಡೆ ತುಂಬ ಕನ್ನಡಿ, ಗಾಜಿನ ಬೀರು, ಬೀರು ತುಂಬ ಫೋಟೋ. ಪ್ರತಿ ಫೋಟೋದಲ್ಲೂ ಪದಕ ಹುಡುಗಿಯ ಕೊರಳಲ್ಲಿ, ಕೊರಳು ಮೇಡಂ ಕೈಯಲ್ಲಿ. ಹುಡುಗಿಯರು ಬದಲಾಗುತ್ತಿದ್ದರು, ಕೈ ಅದೇ. ಕಳೆದ ವಾರ ರಾಷ್ಟ್ರೀಯ ತಂಡಕ್ಕೆ ಅವರೇ ಮುಖ್ಯ ಕೋಚ್ ಎಂದು ಆದೇಶ ಬಂದಿತ್ತು. ಒಂದೂವರೆ ಇಂಚು ಇನ್ನು ಎಲ್ಲ ತರಬೇತಿ ಕೇಂದ್ರಗಳಿಗೂ ಸುತ್ತೋಲೆಯಾಗಿ ಹೋಗಲಿತ್ತು.

ಪದ್ಧತಿ ಒಂದು ಸಲವೂ ಸೋತದ್ದಿಲ್ಲ ಎಂಬುದೇನೋ ನಿಜ. ಸ್ಪರ್ಧೆಯ ಹಿಂದಿನ ದಿನ ಪ್ರತಿ ಹುಡುಗಿಗೂ ಅವಳ ಬಟ್ಟೆ ಅಚ್ಚುಕಟ್ಟಾಗಿ ಕೂರುತ್ತಿತ್ತು. ಕೂರದೆ ಏನು? ಟೈಲರಕ್ಕ ಎರಡು ಮಗ್ಗುಲಲ್ಲೂ ಮುಕ್ಕಾಲು ಮುಕ್ಕಾಲು ಇಂಚು ಬಟ್ಟೆ ಒಳಗೆ ಬಿಟ್ಟಿರುತ್ತಿದ್ದಳು. ಕೊನೆಯ ವಾರ ಹರಳು ಅಂಟಿಸುವ ನೆಪದಲ್ಲಿ ಎಲ್ಲವನ್ನೂ ತನ್ನ ಕೋಣೆಗೆ ಒಯ್ದು, ಹೊಲಿಗೆ ಬಿಚ್ಚಿ, ಹುಡುಗಿಯ ಮೈ ಎಷ್ಟಿತ್ತೋ ಅಷ್ಟಕ್ಕೆ ಮತ್ತೆ ಹೊಲಿದುಬಿಡುತ್ತಿದ್ದಳು. ಗೋದಾಮಿನ ಆರು ಹುಡುಗಿಯರಲ್ಲಿ ಅವಳೂ ಒಬ್ಬಳು. ಹಿಮ್ಮಡಿಯ ನರ ಹರಿದ ಮೇಲೆ ಮೇಡಂ ಅವಳಿಗೊಂದು ಹೊಲಿಗೆ ಯಂತ್ರ ಕೊಡಿಸಿದರು. ಯಂತ್ರದ ಉಪಕಾರ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿದೆ. ನರ ಹೇಗೆ ಹರಿಯಿತೆಂಬುದು ಯಾವ ಅಧ್ಯಾಯದಲ್ಲೂ ಇಲ್ಲ. ಹದಿನಾಲ್ಕು ವರ್ಷ ಹೀಗೆ ಬಿಚ್ಚಿ ಹೊಲಿಯುತ್ತ ಟೈಲರಕ್ಕ ಒಳಗೊಳಗೇ ನಗುತ್ತಿದ್ದಳು. ವೇದಿಕೆಯಲ್ಲಿ ಮೇಡಂ ಶಿಸ್ತಿನ ಬಗ್ಗೆ ಮಾತು ಬೆಳೆಸಿದಷ್ಟೂ ಅವಳ ನಗುವಿಗೆ ಕೊಬ್ಬೇರುತ್ತಿತ್ತು.

ಮೇಡಂ ಫೋನಿನಲ್ಲಿ ಮಾತಾಡುತ್ತ ಮೆಟ್ಟಿಲು ಹತ್ತಿ ಹೋದ ಮೇಲೆ ಹುಡುಗಿ ಬಗ್ಗಿ ಪಿಸುಗುಟ್ಟಿದಳು.

"ಟೈಲರಕ್ಕ, ಒಂದು ಗುಟ್ಟು ಹೇಳ್ಲಾ? ಇಪ್ಪತ್ತೊಂದು ನಂಗೆ ಯಾವ ಮಹಾ! ಹೋದ್ಸಲ ಕೊನೇ ಎರಡು ದಿನ ಬರೀ ನೀರು ಕುಡ್ಕೊಂಡಿದ್ದೆ. ಬಟ್ಟೆ ಹೆಂಗೆ ಕೂತ್ಕೊಳ್ತು ನೀವೇ ನೋಡಿದ್ರಲ್ಲ? ಈ ಸಲ ನಾಲ್ಕು ದಿನ."

"ಯಾರೇ ಹೇಳ್ಕೊಟ್ಟಿದ್ದು ನಿಂಗೆ?"

"ಯಾರೂ ಇಲ್ಲ. ನಾನೇ ಚಿಕ್ಕೋರ ಗುಂಪಿಗೆ ಹೇಳ್ಕೊಟ್ಟಿದೀನಿ."

ಗುಂಡುಸೂಜಿಯ ಡಬ್ಬಿ ಟೈಲರಕ್ಕನ ಕೈಜಾರಿ ನೆಲದ ತುಂಬ ಚೆಲ್ಲಿತು. ಇಷ್ಟು ವರ್ಷ ಮೇಡಂಗೆ ಟೋಪಿ ಹಾಕುತ್ತಿದ್ದೇನೆ ಎಂದು ಬೀಗಿದ್ದಳಲ್ಲ, ಟೋಪಿ ಬಿದ್ದದ್ದು ಈ ಮಕ್ಕಳ ತಲೆಗೆ. ಹಸಿದಿದ್ದಕ್ಕೇ ಬಟ್ಟೆ ಕೂತಿತು ಎಂದು ಒಬ್ಬೊಬ್ಬಳಿಗೂ ರುಜುವಾತು ಮಾಡಿಕೊಟ್ಟವಳು ತಾನೇ. ಮೇಡಂ ಬರೀ ಪುಸ್ತಕ ಬರೆದಿದ್ದರು. ಸಾಕ್ಷಿ ಹೊಲಿದುಕೊಟ್ಟ ಮಹಾ ಜಾಣೆ ಇವಳು.

ಕಪಾಟಿನಿಂದ ಹುಡುಗಿಯ ಹಳೆಯ ಲಿಯೋಟಾರ್ಡ್ ಎಳೆದು ಒಳಮೈ ತಿರುಗಿಸಿದಳು. "ನೋಡಿಲ್ಲಿ. ಈ ತೂತಿನ ಸಾಲಿದೆಯಲ್ಲ, ಅದು ಮೊದಲ್ನೇ ಹೊಲಿಗೆ. ಇದು ಎರಡನೇದು. ನೀನು ಇಳೀಲಿಲ್ಲ ಪುಟ್ಟಿ, ನಾನು ಬಿಚ್ಚಿದೆ."

ಹುಡುಗಿಯ ಮುಖ ಕೆಂಪಾಯಿತು. "ಸುಳ್ಳು! ನಾನೇ ಇಳಿದಿದ್ದು. ನಿಮಗೆ ಆಟ ಆಡಕ್ಕಾಗಲ್ಲ ಅಂತ ಹೊಟ್ಟೆಕಿಚ್ಚು. ಮೇಡಂ ಹೇಳಿದ್ರೆ ಮಾತ್ರ ನಂಬ್ತೀನಿ."

"ಹಂಗಾದ್ರೆ ನಡಿ. ಅವರ ಬಾಯಲ್ಲೇ ಹೇಳಿಸ್ತೀನಿ."

ಮೇಲೆ ಮೇಡಂ ಕೋಣೆಯಿಂದ, ಅಭಿನಂದಿಸಲು ಬಂದವರು ಆಗಷ್ಟೇ ಎದ್ದುಹೋಗಿದ್ದರು. ಮೇಡಂ ಮೇಜಿನ ಮೇಲೆ ಖಾಲಿ ಕಪ್ಪುಗಳು, ಹೂಗುಚ್ಛ, ಅರ್ಧ ಉಳಿದ ಬಿಸ್ಕೆಟ್ ತಟ್ಟೆ. ಟೈಲರಕ್ಕ ಹುಡುಗಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಬಾಗಿಲು ಮುಚ್ಚಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮೇಡಂ ಕನ್ನಡಕ ಹಾಕಿಕೊಂಡು ತೂತಿನ ಸಾಲುಗಳ ಮೇಲೆ ಉಗುರು ಆಡಿಸಿದರು.

"ಎಷ್ಟು ವರ್ಷದಿಂದ?"

"ಹದಿನಾಲ್ಕು."

"ಯಾರ್‍ಯಾರಿಗೆ?"

"ಎಲ್ಲಾರಿಗೂ."

ಬೈಗುಳ ಬರಬಹುದು, ಇಲ್ಲವೇ ಕಣ್ಣೀರು, ಎಂದು ಟೈಲರಕ್ಕ ಕಾದಳು. ಮೇಡಂ ಏನು ಇಪ್ಪತ್ತಾರು ವರ್ಷ ಸುಮ್ಮನೆ ಗೆದ್ದವರೇ?

"ಇದು ಯಾರಿಗೆ ಗೊತ್ತು?" ಎಂದರು.

"ಹೊರಗೆ ಕೂತಿದಾಳಲ್ಲ, ಅವಳೊಬ್ಬಳಿಗೆ. ನಂಬ್ತಾ ಇಲ್ಲ."

"ನಂಬ್ತಾ ಇಲ್ವಲ್ಲ, ಸರಿಹೋಯ್ತು." ಮೇಡಂ ಮುಖ ಅರಳಿತು. "ಕೂತ್ಕೋ. ನೀನೂ ನನ್ ಜೊತೆ ಬಂದ್ಬಿಡು ಕಣೇ, ರಾಷ್ಟ್ರೀಯ ತಂಡಕ್ಕೆ. ಉಡುಪು ವಿಭಾಗದ ಮುಖ್ಯಸ್ಥೆ. ಇಲ್ಲಿ ಮಾಡಿದ್ದನ್ನೇ ಅಲ್ಲೂ ಮಾಡು, ಬಾಯಿ ಮುಚ್ಕೊಂಡು. ಹುಡುಗೀರಿಗೂ ಕಷ್ಟ ಇಲ್ಲ, ಪುಸ್ತಕಕ್ಕೂ ಕಷ್ಟ ಇಲ್ಲ."

"ಕಷ್ಟ ಇಲ್ವಾ? ನಾಲ್ಕು ದಿನ ಬರೀ ನೀರಲ್ಲಿರ್ತೀನಿ ಅಂತಿದೆ ಆ ಮಗು! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ನಾನು ಎಲ್ಲಿಗೂ ಬರ್ತಿಲ್ಲ ಮೇಡಂ. ಮೊದಲು ಅವಳಿಗೆ ನಿಜ ಹೇಳಿ. ಇಲ್ಲಾಂದ್ರೆ ಇದನ್ನ ಹಿಡ್ಕೊಂಡು ಒಬ್ಬೊಬ್ಬರ ಅಮ್ಮನ ಹತ್ರಾನೂ ಹೋಗ್ತೀನಿ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, ಬೀರುವಿನಲ್ಲಿರುವ ಎಲ್ಲ ಫೋಟೋಗಳ ನಗುವನ್ನೂ ಒಟ್ಟಿಗೇ ನಕ್ಕು, ಬಾಗಿಲು ತೆಗೆದರು.

"ಬಾ ಮರೀ. ಟೈಲರಕ್ಕ ಹೇಳಿದ್ದು ನಿಜಾನೇ. ಬಟ್ಟೆ ಒಂಚೂರು ಬಿಚ್ಚಿದ್ಲು, ಅಷ್ಟೇ. ಅದೇನು ದೊಡ್ಡ ವಿಷಯ ಅಲ್ಲ. ನೀನು ಚೆನ್ನಾಗಿ ತಿನ್ಬೇಕು, ಆಯ್ತಾ?" ಮೇಜಿನಿಂದ ತಟ್ಟೆ ಎತ್ತಿ ಚಾಚಿದರು. "ತಗೋ. ನನ್ ಮುಂದೇನೇ ತಿನ್ನು."

ಹುಡುಗಿ ತಟ್ಟೆಯ ಕಡೆ ನೋಡಲಿಲ್ಲ. ಮೇಡಂ ಮುಖ ನೋಡಿದಳು. ತಿನ್ನು ಎಂಬ ಮಾತು ಆ ಬಾಯಿಂದ ಅವಳು ಇವತ್ತಿನವರೆಗೂ ಕೇಳಿರಲಿಲ್ಲ. ಅಂದಮೇಲೆ ಇದು ಪರೀಕ್ಷೆಯೇ. ಅವಳ ಬೆನ್ನು ನೆಟ್ಟಗಾಯಿತು, ಗದ್ದ ಮೇಲೆದ್ದಿತು, ತೀರ್ಪುಗಾರರ ಮುಂದೆ ನಿಂತವಳಂತೆ ಒಂದು ಕಾಲು ಮುಂದೆ ಚಾಚಿಕೊಂಡಿತು.

"ತಗೊಳ್ಳೇ," ಎಂದಳು ಟೈಲರಕ್ಕ. "ಒಂದೇ ಒಂದು ತಗೋ, ನನ್ನಮ್ಮ."

"ಬೇಡ," ಎಂದಳು ಹುಡುಗಿ.