ಅಳಿಸಿಹಾಕಿದ ಹನ್ನೊಂದು ತಪ್ಪುಗಳು

ಬೆಳಿಗ್ಗೆ ಏಳೂವರೆ ಆಯಿತೆಂದರೆ ಭೂಮಿಗೆ ಹೊಟ್ಟೆನೋವು ಶುರುವಾಗುತ್ತಿತ್ತು. ಶಾಲೆಗೆ ರಜೆಯಿದ್ದ ದಿನ ಮಾತ್ರ ಆ ನೋವು ಇತ್ತ ತಲೆ ಹಾಕುತ್ತಿರಲಿಲ್ಲ. ಇಂಥ ಹೊಟ್ಟೆನೋವು ನಿಮ್ಮ ಮನೆಯಲ್ಲೂ ಇರಬಹುದು. ಸ್ವೀಡನ್ನಿನ ಸ್ಯಾಂಡ್‌ವಿಕೆನ್ ಊರಿನ ಶೋಭನಾ ಮನೆಯಲ್ಲಂತೂ ಅದು ಎರಡು ತಿಂಗಳು ಬೀಡುಬಿಟ್ಟಿತ್ತು. ಎಂಟನೇ ತರಗತಿಯ ಮಗಳು ಭೂಮಿ ಶೂ ಕೈಯಲ್ಲಿ ಹಿಡಿದು ಬಾಗಿಲಲ್ಲೇ ಕೂತುಬಿಟ್ಟರೆ ಶೋಭನಾಗೆ ಕೂರಲೂ ಆಗದು, ನಿಲ್ಲಲೂ ಆಗದು. ಹೀಗೇ ಆದರೆ ಹುಡುಗಿ ಶಾಲೆಯನ್ನೇ ಬಿಟ್ಟುಬಿಡುತ್ತಾಳೆ ಎಂಬ ಹೆದರಿಕೆ ಅವಳನ್ನು ಕೊರೆಯುತ್ತಿತ್ತು.

ಜನವರಿಯಲ್ಲಿ ನೋವು ಇದ್ದಕ್ಕಿದ್ದಂತೆ ನಿಂತಿತು. ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಸೈಕಲ್ ದಾರಿಯಲ್ಲಿ ಹಿಮ ಮೊದಲು ಎಲ್ಲಿ ಗಟ್ಟಿಯಾಗಿ ನೆಲ ಜಾರುತ್ತದೆ ಎಂದು ಮಕ್ಕಳೇ ಅಳೆದು ನೋಡಿ, ಊರಿನ ರಸ್ತೆ ನೋಡಿಕೊಳ್ಳುವ ಕೊಮ್ಮೂನ್ ಕಚೇರಿಯವರಿಗೆ ವಿವರಿಸಬೇಕಿತ್ತು. ಭೂಮಿ ಬೆಂಕಿಪೊಟ್ಟಣದಷ್ಟಿದ್ದ ಸೆನ್ಸರ್ ಹಿಡಿದು, ತಿಂಡಿಗೂ ಮೊದಲೇ ಸೈಕಲ್ ಏರತೊಡಗಿದಳು. ನೆಲ ಎಷ್ಟು ತಣ್ಣಗಿದೆ ಎಂಬ ಅಂಕಿ ಅವಳ ಫೋನಿಗೆ ಬರುತ್ತಿತ್ತು.

ಉಕ್ಕಿನ ಕಾರ್ಖಾನೆಯಲ್ಲಿ ಟೆಸ್ಟಿಂಗ್ ಇಂಜಿನಿಯರ್ ಆಗಿದ್ದ ಅಪ್ಪ ರಾಜಶೇಖರನಿಗೆ ಇದು ಓದು ಅನ್ನಿಸಲೇ ಇಲ್ಲ. ಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ದಿನವಿಡೀ ಕೈಯಲ್ಲಿ ಫೋನು ಎಂದು ಗೊಣಗುತ್ತಿದ್ದ. ಆದರೂ ಮಂಗಳವಾರ ಶಾಲೆಯಲ್ಲಿ ಕೊಮ್ಮೂನಿನವರು, ಅಪ್ಪ ಅಮ್ಮಂದಿರು ಎಂದು ಸೇರುವ ಹತ್ತು ಜನರೆದುರು ಮಗಳು ನಗೆಪಾಟಲಾಗಬಾರದಲ್ಲ! ಶನಿವಾರ ಭೂಮಿ ಈಜಲು ಹೋದಾಗ ಮೇಜಿನ ಮೇಲೆ ತೆರೆದಿದ್ದ ಅವಳ ಲ್ಯಾಪ್‌ಟಾಪಿನ ಮುಂದೆ ಕೂತೇಬಿಟ್ಟ. ತಪ್ಪಾಗಿದ್ದ ಹನ್ನೊಂದು ಅಂಕಿಗಳನ್ನು ಅಳಿಸಿದ. ಗ್ರಾಫನ್ನು ನೀಟಾಗಿಸಿದ. ಯಾವುದೋ ಹಳೆಯ ಸಾಕ್ಸ್‌ನ ಫೋಟೋ ಇತ್ತು, ಮರ್ಯಾದೆ ಹೋಗುತ್ತದೆಂದು ಅದನ್ನೂ ಕಿತ್ತುಹಾಕಿದ.

ಈಜಿ ಬಂದ ಭೂಮಿ ಒದ್ದೆ ತಲೆಯಲ್ಲೇ ನಿಂತು ಪರದೆ ನೋಡಿದಳು.

"ಇದು ನಂದಲ್ಲ ಅಪ್ಪ. ಟ್ಯೂಸ್‌ಡೇ ನಾನು ಸ್ಕೂಲಿಗೆ ಹೋಗಲ್ಲ."

ಕೋಣೆಯ ಬಾಗಿಲು ಮುಚ್ಚಿತು. ಶೋಭನಾ ಆ ಬಾಗಿಲ ಬಳಿಗೆ ಓಡಿದಳು.

ಭಾನುವಾರ ಮಧ್ಯಾಹ್ನ ಫೀಕಾಗೆ, ಅಂದರೆ ಇಲ್ಲಿನವರ ಬಿಡುವಿನ ಹೊತ್ತಿನ ಕಾಫಿಗೆ, ಗೆಳತಿ ಕೋಕಿಲಾ ಬಂದಳು. ಪಕ್ಕದ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಅಡುಗೆಮನೆಗೂ ಮಗಳ ಬಾಗಿಲಿಗೂ ಓಡಾಡುತ್ತಲೇ ಶೋಭನಾ ಎಲ್ಲ ಹೇಳಿಕೊಂಡಳು. ತಪ್ಪು ತಿದ್ದಿದ್ದೇ ತಪ್ಪಾ ಎಂದು ರಾಜಶೇಖರ ಸಿಡುಕಿದ.

ಕೋಕಿಲಾ ಕಾಫಿ ಕೆಳಗಿಟ್ಟಳು. "ಟೆಸ್ಟಿಂಗ್‌ನಲ್ಲಿ ಸ್ಟೀಲ್ ಪೀಸ್ ಮುರಿದ್ರೆ ಆ ರಿಪೋರ್ಟ್ ಹರಿದು ಹಾಕ್ತೀರಾ ರಾಜಶೇಖರ್?"

"ಅದು ಹೇಗೆ ಆಗುತ್ತೆ? ಎಲ್ಲಿ ಮುರೀತು, ಯಾಕೆ ಮುರೀತು, ಅದನ್ನ ನೋಡೋದೇ ತಾನೇ ನಮ್ಮ ಕೆಲಸ..." ಎಂದವನು ಅಲ್ಲಿಗೇ ನಿಂತ. ಅದ್ದಿದ ಬಿಸ್ಕತ್ತು ಕಾಫಿಗೆ ಬಿತ್ತು.

ಕೋಕಿಲಾ ನಗಲಿಲ್ಲ. ಪ್ರಾಜೆಕ್ಟ್ ಅಂದರೆ ಅಂದವಾದ ಗ್ರಾಫ್ ಅಲ್ಲ ಎಂದು ನಿಧಾನವಾಗಿ ವಿವರಿಸಿದಳು. ಮಗು ತಾನೇ ಅಳೆಯುತ್ತದೆ, ತಪ್ಪುತ್ತದೆ, ಯಾಕೆಂದು ಹುಡುಕುತ್ತದೆ, ಸರಿಮಾಡಿ ನಾಲ್ಕು ಜನಕ್ಕೆ ಹೇಳುತ್ತದೆ. ಗಣಿತವೂ ವಿಜ್ಞಾನವೂ ಅದರಲ್ಲೇ ಬರುತ್ತವೆ. ಇಂಥ ಕೆಲಸದಲ್ಲಿ ಫೋನು ಆಟಿಕೆಯಲ್ಲ, ಅಳತೆಗೋಲು. ಅಪ್ಪ ಅಮ್ಮ ಕೇಳಬೇಕು, ತಾವೇ ಮಾಡಿಕೊಡಬಾರದು.

ರಾಜಶೇಖರ ಎದ್ದು ಮಗಳ ಬಾಗಿಲು ತಟ್ಟಿದ. "ಆ ಹನ್ನೊಂದು ಯಾಕೆ ತಪ್ಪಾಯ್ತು, ನಂಗೂ ಹೇಳು ಮಗಳೇ."

ಶೋಭನಾ ಸೆರಗಿಲ್ಲದ ಸ್ವೆಟರಿನ ಅಂಚನ್ನೇ ಹಿಂಡುತ್ತ ನಿಂತಳು. ಕೊನೆಗೆ ಬಾಗಿಲು ಗೇಣಷ್ಟು ತೆರೆಯಿತು.

"ಚಳಿಗೆ ಸೆನ್ಸರ್ ಬ್ಯಾಟರಿ ವೀಕ್ ಆಗ್ತಿತ್ತು. ಅಳೆಯೋ ತುದಿ ಹೊರಗೆ ಬಿಟ್ಟು ನಿನ್ನ ಉಲ್ಲನ್ ಸಾಕ್ಸ್ ಸುತ್ತಿದೆ. ಆಮೇಲೆ ಕರೆಕ್ಟಾಗಿ ಬಂತು."

ಲ್ಯಾಪ್‌ಟಾಪಿನಲ್ಲಿ ಹಳೆಯ ಪ್ರತಿ ಉಳಿದಿತ್ತು. ಭೂಮಿ ಅದನ್ನು ಹುಡುಕಿ ತೆಗೆಯುವಾಗ ರಾಜಶೇಖರ ಎರಡೂ ಕೈ ಜೇಬಿನಲ್ಲಿಟ್ಟು ನಿಂತಿದ್ದ. ಅವನಿಗೆ ಅದೇನು ಸುಲಭವಿರಲಿಲ್ಲ.

ಮಂಗಳವಾರ ಏಳೂವರೆಗೆ ಶೋಭನಾ ಅಡುಗೆಮನೆಯಲ್ಲೇ ಕಿವಿಗೊಟ್ಟು ನಿಂತಿದ್ದಳು. ಶೂ ಝಿಪ್ಪಿನ ಸದ್ದು ಕೇಳಿತು, ಆಮೇಲೆ ಬಾಗಿಲಿನದು. ಮಗಳು ಹೊರಟಿದ್ದಳು.

ಅಂದು ಶಾಲೆಯಲ್ಲಿ ಎಲ್ಲರೆದುರು ಭೂಮಿ ಮೊದಲು ಎತ್ತಿ ತೋರಿಸಿದ್ದು ಗ್ರಾಫನ್ನಲ್ಲ, ತೂತು ಬಿದ್ದ ಸಾಕ್ಸನ್ನು. "ನಾನು ಹನ್ನೊಂದು ಸಲ ತಪ್ಪಿದೆ" ಎಂದು ಸ್ವೀಡಿಷ್‌ನಲ್ಲಿ ಶುರುಮಾಡಿದಳು. ಕೊಮ್ಮೂನಿನ ಹೆಂಗಸು ಪೆನ್ನು ತೆಗೆದು ಬರೆದುಕೊಳ್ಳತೊಡಗಿದಳು. ಹಿಂದಿನ ಸಾಲಿನಲ್ಲಿದ್ದ ರಾಜಶೇಖರ ಮೆಲ್ಲಗೆ ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡ. ಆ ತೂತು ಸಾಕ್ಸಿನ ಜೋಡಿ ಅವನ ಕಾಲಲ್ಲೇ ಇತ್ತು.

ಅಪ್ಪಂದಿರೇ, ಅಮ್ಮಂದಿರೇ, ಇವತ್ತು ಮಗು ಮನೆಗೆ ಬಂದಾಗ ಎಷ್ಟು ಮಾರ್ಕ್ಸ್ ಬಂತೆಂದು ಕೇಳಬೇಡಿ. ಇವತ್ತು ಏನು ಕೈಕೊಟ್ಟಿತು, ಆಮೇಲೆ ನೀನೇನು ಮಾಡಿದೆ ಎಂದು ಕೇಳಿ. ಹೇಳಿ ಮುಗಿಸುವ ತನಕ ಪಕ್ಕದಲ್ಲೇ ಕೂತಿರಿ. ಲ್ಯಾಪ್‌ಟಾಪ್ ಮಾತ್ರ ಮುಟ್ಟಬೇಡಿ.